ಗಿರಣಿ ಅತ್ತೆಯ ಮನೆ ಮುಂದಿನ ರಸ್ತೆ

ಹೋದ ವಾರ ನಮ್ಮ ಬೀದಿಗೆ ಡಾಂಬರು ಹಾಕಿದರು. ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಕಾದ ಟಾರಿನ ವಾಸನೆ ಬಂತು. ಕಿಟಕಿ ಮುಚ್ಚಿದೆ, ವಾಸನೆ ಹೋಗಲಿಲ್ಲ. ಶಾಲೆಗೆ ಹೊರಟಿದ್ದ ಮಗಳು ಯಾಕಮ್ಮ ಹೀಗೆ ಕೂತಿದ್ದೀಯ ಅಂತ ಕೇಳಿದಳು. ಗಿರಣಿ ಅತ್ತೆ ನೆನಪಾಗಿದ್ದಳು.

ಅವಳು ನಮಗೆ ಸಂಬಂಧಿಕಳಲ್ಲ. ಹೊಸದುರ್ಗದ ನನ್ನ ತವರಿನಲ್ಲಿ ಎದುರುಮನೆಯವಳು. ಮುಂದಿನ ಕೋಣೆಯಲ್ಲಿ ಹಿಟ್ಟಿನ ಗಿರಣಿ, ಹಿಂದಿನ ಕೋಣೆಯಲ್ಲಿ ಲಕ್ವ ಹೊಡೆದು ಮಲಗಿದ್ದ ಗಂಡ. ಮಕ್ಕಳಿರಲಿಲ್ಲ. ಇಡೀ ಬೀದಿಯ ರಾಗಿ, ಜೋಳ ಅವಳ ಕೈಯಲ್ಲೇ ಹಿಟ್ಟಾಗುತ್ತಿತ್ತು. ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಮಾತಾಡಿ ರೂಢಿಯಾಗಿ, ಗಿರಣಿ ನಿಂತಾಗಲೂ ಅವಳದು ಜೋರು ದನಿ. ಹುಬ್ಬು, ರೆಪ್ಪೆಯ ಮೇಲೆ ಯಾವಾಗಲೂ ಹಿಟ್ಟು.

ನಾನು ಚಿಕ್ಕವಳಿದ್ದಾಗ ಆ ಮನೆಗೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಿತ್ತು. ಆಮೇಲೆ ರಸ್ತೆಗೆ ಟಾರು ಬಂತು. ಅದು ಕಿತ್ತುಹೋದಾಗ ಅದರ ಮೇಲೇ ಜಲ್ಲಿ ಸುರಿದು ಮತ್ತೆ ಟಾರು ಹಾಕಿದರು. ಮತ್ತೆ ಕಿತ್ತಿತು, ಮತ್ತೆ ಮೇಲೇ ಹಾಕಿದರು. ನಾನು ಕಾಲೇಜು ಮುಗಿಸುವ ಹೊತ್ತಿಗೆ ಮೆಟ್ಟಿಲುಗಳೆಲ್ಲ ಹೂತುಹೋಗಿ ಹೊಸಿಲು ರಸ್ತೆಗೆ ಸಮವಾಗಿತ್ತು. ನಮ್ಮದು ಎತ್ತರದ ಜಗಲಿಯ ಮನೆ, ನಮಗೇನೂ ಆಗಲಿಲ್ಲ. ಅತ್ತೆ ಮಾತ್ರ ಮೋಡ ಕಂಡರೆ ಸಾಕು, ಬಾಗಿಲಿಗೆ ಮರಳಿನ ಚೀಲ ಒಟ್ಟುತ್ತಿದ್ದಳು.

ಆಗಲೇ ನನಗೆ ಊರಿನ ಪುರಸಭೆಯ ಇಂಜಿನಿಯರ್ ಕೋಣೆಯಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದ್ದು. ಹೊರಗುತ್ತಿಗೆ ಕೆಲಸ, ಅವರು ಬೇಡ ಅಂದ ದಿನ ಮನೆಗೆ ನಡೆಯಬೇಕು. ಅಪ್ಪ ತೀರಿಕೊಂಡಿದ್ದರು, ಅವ್ವನಿಗೆ ನಾನೊಬ್ಬಳೇ. ಯಾವ ವಾರ್ಡಿನ ಯಾವ ರಸ್ತೆ ಅನ್ನುವ ಪಟ್ಟಿ, ಸಭೆಯ ನಡಾವಳಿ, ಎಸ್ಟಿಮೇಟ್, ಟೆಂಡರ್ ಎಲ್ಲವನ್ನೂ ನಾನೇ ಟೈಪ್ ಮಾಡುತ್ತಿದ್ದೆ. ಆ ವರ್ಷದ ಪಟ್ಟಿಯಲ್ಲಿ ನಮ್ಮ ಬೀದಿಯೂ ಇತ್ತು.

ವಿಷಯ ತಿಳಿದ ಅತ್ತೆ ಅರ್ಜಿ ಬರೆದುಕೊಡು ಅಂತ ಬಂದಳು. ಹಳೇ ಟಾರು ಕೆತ್ತಿ ತೆಗೆದು ಹೊಸದು ಹಾಕಲಿ, ಇಲ್ಲದಿದ್ದರೆ ರಸ್ತೆಯ ನೀರೆಲ್ಲ ತನ್ನ ಮನೆಗೇ ಅಂದಳು. ಬರೆದುಕೊಟ್ಟೆ. ಇಂಜಿನಿಯರ್ ಬಂದು ನೋಡಿ ಒಪ್ಪಿದರು. ಮೊದಲ ಎಸ್ಟಿಮೇಟಿನಲ್ಲಿ ಕೆತ್ತುವ ಕೆಲಸ ಸೇರಿತ್ತು. ಆದರೆ ಸಭೆಯಲ್ಲಿ ಪಕ್ಕದ ಬೀದಿಯೂ ಬೇಕು ಅಂತ ಗಲಾಟೆಯಾಯಿತು. ಅದೇ ಅನುದಾನದಲ್ಲಿ ಎರಡು ಬೀದಿ ಆಗಬೇಕಾದ್ದರಿಂದ ಹಳೇ ಟಾರು ಕೆತ್ತುವ ಸಾಲು ತೆಗೆಯಲು ಇಂಜಿನಿಯರ್ ಹೇಳಿದರು. ತೆಗೆದೆ. ಅತ್ತೆಗೆ ಹೇಳಲಿಲ್ಲ. ದಿನಾ ಅವಳ ಬಾಗಿಲ ಮುಂದೆಯೇ ಓಡಾಡುತ್ತಿದ್ದೆ... ಹೇಳಲಿಲ್ಲ.

ಮಾರ್ಚ್ ಕೊನೆಯಲ್ಲಿ ರೋಲರ್ ಬಂತು. ಕೆತ್ತುವುದು ಕಾಣದೆ, ಜಲ್ಲಿ ಸುರಿಯುವುದು ಕಂಡಿದ್ದೇ ಅತ್ತೆ ಗಿರಣಿಯ ಸ್ಟೂಲು ತಂದು ರಸ್ತೆ ನಡುವೆ ಹಾಕಿ ಕೂತುಬಿಟ್ಟಳು. ಯಾರು ಹೇಳಿದರೂ ಏಳಲಿಲ್ಲ. ಇಂಜಿನಿಯರ್ ನನ್ನನ್ನು ಕರೆಸಿದರು. ಈ ತಿಂಗಳೊಳಗೆ ಮುಗಿಯದಿದ್ದರೆ ಅನುದಾನ ವಾಪಸ್ ಹೋಗುತ್ತದೆ, ಮಳೆಗೆ ಮುಂಚೆ ಅವಳ ಮನೆ ಮುಂದೆ ಆಳದ ಚರಂಡಿ ಮಾಡಿಸುತ್ತೇವೆ ಅಂತ ನೀನೇ ಹೇಳು, ನಿನ್ನ ಮಾತು ಕೇಳುತ್ತಾಳೆ ಅಂದರು. ಅಂಥ ಫೈಲೇ ಇಲ್ಲ ಅನ್ನುವುದು ನನಗೆ ಗೊತ್ತಿತ್ತು.

ನಾನು ಹೇಳಿದ್ದನ್ನು ಕೇಳಿ ಅತ್ತೆ, ಎಂದೂ ಇಲ್ಲದಷ್ಟು ಮೆಲ್ಲಗೆ, "ಚರಂಡಿ ಕಾಗದ ನೀನೇ ಟೈಪ್ ಮಾಡಿದೀಯೇನವ್ವ?" ಅಂದಳು.

"ಹೂಂ ಅತ್ತೆ. ನಾನೇ ಮಾಡಿದೀನಿ."

ನನ್ನ ಮುಖ ನೋಡಿದಳು. ಆಮೇಲೆ ಸ್ಟೂಲು ಎತ್ತಿಕೊಂಡು ಒಳಗೆ ಹೋದಳು. ಸಂಜೆಗೆ ಅವಳ ಹೊಸಿಲು ರಸ್ತೆಗಿಂತ ಅರ್ಧ ಗೇಣು ಕೆಳಗಿತ್ತು.

ಚರಂಡಿ ಬರಲಿಲ್ಲ, ಮಳೆ ಬಂತು. ಜೂನಿನ ಒಂದು ಮಧ್ಯಾಹ್ನ, ಅತ್ತೆಯ ಮನೆಗೆ ನೀರು ನುಗ್ಗುತ್ತಿದೆ ಅಂತ ಅವ್ವ ಆಫೀಸಿಗೆ ಫೋನ್ ಮಾಡಿದಳು. ನಾನು ಓಡಿ ಬರುವಷ್ಟರಲ್ಲಿ ಆ ಮನೆಯೊಳಗೆ ಮೊಣಕಾಲುದ್ದ ನೀರು. ಹಿಂದಿನ ಕೋಣೆಯಲ್ಲಿ ಅತ್ತೆ ಗಂಡನ ತಲೆಯನ್ನು ಹೆಗಲಿಗೆ ಆನಿಸಿಕೊಂಡು ನೀರಿನಲ್ಲಿ ನಿಂತಿದ್ದಳು. ಹೊರಸಿನ ಹಗ್ಗ ಮುಳುಗಿತ್ತು. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದಳೋ, ಎಷ್ಟು ಕೂಗಿದ್ದಳೋ... ಮಳೆಯ ಸದ್ದಿಗೆ ಆ ಜೋರು ದನಿಯೂ ಯಾರಿಗೂ ಕೇಳಿರಲಿಲ್ಲ. ಅಕ್ಕಪಕ್ಕದವರು ಸೇರಿ ಅವನನ್ನು ನಮ್ಮ ಜಗಲಿಗೆ ಹೊತ್ತು ತಂದೆವು. ಎದೆಗೆ ಕಫ ಕಟ್ಟಿ, ಹದಿನೈದು ದಿನಕ್ಕೆ ಅವನು ಹೋಗಿಬಿಟ್ಟ. ಗಿರಣಿಯ ಮೋಟಾರು ಮತ್ತೆ ತಿರುಗಲಿಲ್ಲ. ಅತ್ತೆ ಬಾಗಿಲು ಹಾಕಿ ಬಬ್ಬೂರಿನ ತಮ್ಮನ ಮನೆ ಸೇರಿದಳು. ಅಲ್ಲಿ ಕಳೆ ಕೀಳುವ ಕೂಲಿಗೆ ಹೋಗುತ್ತಾಳೆ ಅಂತ ಕೇಳಿದೆ.

ಎರಡು ವರ್ಷ ನನಗೆ ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ನನ್ನ ಮದುವೆ ಗೊತ್ತಾದಾಗ ಹಿರಿಯೂರಿನ ಬಸ್ಸು ಹತ್ತಿದೆ. ಮಾರಿಕಣಿವೆ ಅಣೆಕಟ್ಟು ದಾಟಿದರೂ ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ. ಬಬ್ಬೂರಿನ ಹೊಲದಲ್ಲಿ ಅತ್ತೆ ಬದುವಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದಳು. ಸಾಲು ತೆಗೆದದ್ದು, ಇಲ್ಲದ ಚರಂಡಿ, ಎಲ್ಲವನ್ನೂ ಅಳುತ್ತಾ ಹೇಳಿದೆ.

"ಅವತ್ತೇ ಗೊತ್ತಿತ್ತು ಕಣವ್ವ," ಅಂದಳು. "ಸುಳ್ಳು ಹೇಳಕೆ ನಿಂಗೆ ಬರಲ್ಲ. ನಾನು ಏಳದಿದ್ರೆ ನಿನ್ನ ಕೆಲ್ಸ ಹೋಗ್ತಿತ್ತು. ಅದಕ್ಕೇ ಎದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬುತ್ತಿಯಿಂದ ಅರ್ಧ ರೊಟ್ಟಿ ಮುರಿದು ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದೇ ವಾಪಸ್ ಬಸ್ಸು ಹತ್ತಿದೆ.

ಮತ್ತೆ ನಾನು ಅವಳನ್ನು ನೋಡಲಿಲ್ಲ. ಅವಳು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಮೂರು ತಿಂಗಳ ಮೇಲೆ. ಆ ಮನೆಯನ್ನು ಯಾರೋ ಕೊಂಡು, ಮಣ್ಣು ತುಂಬಿಸಿ, ರಸ್ತೆಗಿಂತ ಎತ್ತರಕ್ಕೆ ಅಂಗಡಿ ಕಟ್ಟಿದ್ದಾರೆ.

ಹೋದ ವಾರ, ಮಗಳು ಶಾಲೆಗೆ ಹೋದ ಮೇಲೆ ಬೀದಿಗಿಳಿದು, ಹಳೇ ಟಾರು ತೆಗೆಯುವುದಿಲ್ಲವೇ ಅಂತ ಕೆಲಸ ಮಾಡಿಸುತ್ತಿದ್ದವನನ್ನು ಕೇಳಿದೆ. ಎಸ್ಟಿಮೇಟಿನಲ್ಲಿ ಇಲ್ಲ ಮೇಡಂ ಅಂದ. ತಗ್ಗಿನ ಕೊನೇಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು ಹೊಸಿಲಲ್ಲಿ ನಿಂತಿದ್ದಳು. "ಇಷ್ಟು ಎತ್ತರ ಮಾಡಿದ್ರೆ ಮಳೆ ನೀರು ನಮ್ಮನೆಗೆ ಬರಲ್ವೇನ್ರಿ?" ಅಂದಳು.

"ಬರ್ತೈತ್ರಿ," ಅಂದೆ.

ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. ರೋಲರ್ ನಮ್ಮಿಬ್ಬರನ್ನು ದಾಟಿ ಮುಂದೆ ಹೋಯಿತು.