ಹಣೆಯ ಮೇಲಿಲ್ಲದ ವಿಭೂತಿ

ಕಮಲಾಪುರದ ನನ್ನ ಚಿಕ್ಕಮ್ಮ ಒಂದು ಮಧ್ಯಾಹ್ನ ಕಲಬುರಗಿಯ ನಮ್ಮ ಪತ್ರಿಕಾ ಕಚೇರಿಗೆ ಬಂದು, ಸೈನ್ಯದಲ್ಲಿರುವ ಮಗನ ಮೂರು ಫೋಟೊಗಳನ್ನು ನನ್ನ ಮೇಜಿನ ಮೇಲೆ ಹರಡಿದಳು. ಒಂದರಲ್ಲಿ ಅವನು ತಲೆಗೆ ಕೇಸರಿ ವಸ್ತ್ರ ಕಟ್ಟಿಕೊಂಡು ಗುರುದ್ವಾರದಲ್ಲಿ ರೊಟ್ಟಿ ಬಡಿಸುತ್ತಿದ್ದ. ಇನ್ನೊಂದರಲ್ಲಿ ಈದ್ ದಿನ ಬಿಳಿ ಟೊಪ್ಪಿಗೆ ಹಾಕಿ ಶೀರ್‌ಖುರ್ಮಾ ಪಾಯಸ ಕುಡಿಯುತ್ತಿದ್ದ. ಮೂರನೆಯದು ಯೂನಿಫಾರ್ಮಿನದು, ಹಣೆ ಖಾಲಿ. ಯಾರ ಹಬ್ಬವಾದರೂ ಎಲ್ಲರೂ ಸೇರುವುದು ಅವರ ಪಲ್ಟನ್ನಿನ ರೂಢಿ.

ಇವನ್ನೇ ಆಕೆ ಹೆಣ್ಣಿನ ಕಡೆಗೆ ಕಳಿಸಿದ್ದಳು. ಮಹಾಗಾಂವದ ಆ ಹುಡುಗಿಯ ಸೋದರಮಾವ ಫೋನ್ ಮಾಡಿ, "ಹುಡುಗ ನಮ್ಮ ಜಾತಿಯಾಂವನ ಹೌದಲ್ರೀ?" ಎಂದು ಕೇಳಿದ್ದರಂತೆ. ವಿಭೂತಿ ಹಚ್ಚಿದ ಯೂನಿಫಾರ್ಮ್ ಫೋಟೊ ನೋಡದೆ ಮಾತು ಮುಂದುವರಿಯದು ಎಂದಿದ್ದರು.

"ಅಂವಗ ಕೇಳಿದ್ರ, ಯೂನಿಫಾರ್ಮ್ ಹಾಕ್ಕೊಂಡ ಮ್ಯಾಲ ಹಣಿಗೆ ಏನೂ ಹಚ್ಚಂಗಿಲ್ಲ ಅಂತಾನ. ನೀನರೆ ಕಂಪ್ಯೂಟರಿನಾಗ ಮೂರು ಗೆರಿ ಎಳದು ಕೊಡಪಾ."

"ಪತ್ರಿಕೆಯವರು ಫೋಟೊ ತಿದ್ದಂಗಿಲ್ಲ. ತಿದ್ದಿದ್ರ ನನ್ನ ನೌಕರಿ ಹೋಗ್ತದ, ಚಿಗವ್ವಾ."

"ಛಲೋ ಆತು. ಅಂವಗೂ ರೂಲ್, ನಿನಗೂ ರೂಲ್. ನನಗ ಸೊಸಿ ಯಾವ ರೂಲಿನಾಗ ಬರ್ತಾಳ?"

ಭಾನುವಾರ ಬೆಳಿಗ್ಗೆ ಇಬ್ಬರೂ ಮಹಾಗಾಂವಕ್ಕೆ ಹೋದೆವು. ತಿದ್ದಿದ ಫೋಟೊ ಬದಲು ಚಿಕ್ಕಮ್ಮನ ಮಗನಿಗೆ ವೀಡಿಯೊ ಕಾಲ್ ಮಾಡಿಸಿದೆ. ಅವನು ಆಗಷ್ಟೇ ಸ್ನಾನ, ಪೂಜೆ ಮುಗಿಸಿದ್ದ: ಬನಿಯನ್, ಕೊರಳಲ್ಲಿ ಲಿಂಗ, ಹಣೆಯಲ್ಲಿ ಢಾಳಾದ ಮೂರು ಗೆರೆ. ಅಲ್ಲಿಯವರೆಗೆ ಚಹಾದ ಸುದ್ದಿಯೇ ಎತ್ತದಿದ್ದ ಮಾವ, "ಚಹಾ ತರ್ರೀ!" ಎಂದು ಒಳಗೆ ಕೂಗಿದರು.

ಅಷ್ಟರಲ್ಲಿ ಆ ಕಡೆ ಸೀಟಿ ಕೇಳಿಸಿತು. "ಡ್ಯೂಟಿ ಅದರೀ" ಎಂದವನೇ ಒದ್ದೆ ಟವೆಲಿನಿಂದ ಹಣೆ ಒರೆಸಿಕೊಂಡು ಅಂಗಿ ತೊಟ್ಟ.

"ಅಯ್ಯ, ಅಳಿಸೇ ಬಿಟ್ನಲ್ರೀ!" ಮಾವ ನನ್ನನ್ನೇ ದಿಟ್ಟಿಸಿದರು, ಅಳಿಸಿದವನು ನಾನೇ ಎಂಬಂತೆ.

ಚಹಾ ತಂದ ಹುಡುಗಿ ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸ್. "ಮಾಮಾ, ಆಪರೇಷನ್ ರೂಮಿಗೆ ಹೋಗೂಮುಂದ ನಾ ಬಳಿ, ಉಂಗುರ ಎಲ್ಲಾ ತಗದಿಡ್ತೀನಿ. ಆವಾಗ ನಾ ಬ್ಯಾರೆದವರಾಕಿ ಆಗ್ತೀನೇನು?"

"ಬಳಿ ಬ್ಯಾರೆ, ವಿಭೂತಿ ಬ್ಯಾರೆ."

"ಲಿಂಗ ಅಂಗಿ ಒಳಗ ಇಟ್ಕೊಂಡ್ರಲ್ಲ, ಅದು ಕಾಣಲಿಲ್ಲೇನು?" ಆಕೆ ಇನ್ನೂ ಕಟ್ಟಾಗದ ಫೋನ್ ಕೈಗೆತ್ತಿಕೊಂಡಳು. "ರೀ, ಲಗ್ನಕ್ಕ ಏನು ಹಾಕ್ಕೊಂಡು ಬರ್ತೀರಿ?"

"ಧೋತ್ರ. ವಿಭೂತಿ ನಿಮ್ಮ ಮಾಮಾನೇ ಹಚ್ಚಲಿ, ಎಷ್ಟು ಬೇಕೋ ಅಷ್ಟು."

ಮಾವ ಚಹಾ ಊದಿ ಊದಿ ಅರ್ಧ ಬಟ್ಟಲು ಕುಡಿದರು.

"ಅಂವ ಡ್ಯೂಟಿಗೆ ಓಡೂದ್ರಾಗ ಕೇಳವ್ವಾ," ಎಂದರು, "ಲಗ್ನಕ್ಕ ರಜಾ ಎಷ್ಟು ದಿನ ಸಿಗ್ತದಂತ."