ಪಂಚಮ್ಯಾಗ ರೊಟ್ಟಿ ಬಡಿಯೋರು ಬೇಕಾಗ್ಯಾರ

ಗಜೇಂದ್ರಗಡದಾಗ ಬಸ್ಸು ನಿಲ್ಲೋ ಜಾಗದ ಹಿಂದ ನಮ್ಮವ್ವಂದೊಂದು ಖಾನಾವಳಿ ಇತ್ತು. ಆಗ ನಮ್ಮೂರು ಇನ್ನೂ ಮುಂಬೈ ರಾಜ್ಯದಾಗ ಇತ್ತು, ನಾ ಸಾಲಿ ಹುಡುಗಿ. ಅಪ್ಪ ತೀರಿಕೊಂಡ ಮ್ಯಾಲೆ ನಮ್ಮಿಬ್ಬರ ಹೊಟ್ಟಿ ನಡಿಯೋದು ಆ ಖಾನಾವಳಿ ಮ್ಯಾಲೇ. ಅವ್ವನ ಬದನಿಕಾಯಿ ಎಣಗಾಯಿ ತಿಂದು ಸೀರಿ ವ್ಯಾಪಾರಕ್ಕ ಬಂದೋರು ಬೆರಳು ಚೀಪತಿದ್ರು. ಆದ್ರ ರೊಟ್ಟಿ ಬಡಿಯೋದು ಆಕಿ ಕೈಲೆ ಆಗತಿರಲಿಲ್ಲ. ಯಾವಾಗೋ ಬಾವಿ ಕಟ್ಟಿ ಮ್ಯಾಲೆ ಬಿದ್ದು ಬಲಗೈ ಮುರಕೊಂಡಿದ್ಲು, ಅದು ಸೊಟ್ಟಗ ಕೂಡಿತ್ತು. ರೊಟ್ಟಿಗೆ ಮತ್ತೊಬ್ಬಾಕಿ ಬೇಕೇ ಬೇಕು.

ಅಬ್ಬಬ್ಬಾ, ಎಂಥೆಂಥಾರು ಬಂದು ಹೋದ್ರು! ಒಬ್ಬಾಕಿ, ಗಿರಾಕಿ 'ರೊಟ್ಟಿ ದಪ್ಪ ಆತು' ಅಂದದ್ದಕ್ಕ ಹಿಟ್ಟಿನ ಕೈಲೇ ಎದ್ದು ಮನಿಗೆ ನಡದ್ಲು. ಇನ್ನೊಬ್ಬಾಕಿಗೆ ಬಾಯಿ ನಡದಷ್ಟು ಕೈ ನಡೀತಿರಲಿಲ್ಲ. ಇದನ್ನೆಲ್ಲಾ ಅವ್ವ ಹ್ಯಾಂಗೋ ನುಂಗಿಕೊಂಡ್ಲು. ನುಂಗಲಾರದ್ದು ಪಂಚಮಿ. ಅಣ್ಣಾನೋ ತಮ್ಮಾನೋ ಬಂಡಿ ಕಟಗೊಂಡು ಬಂದು ತವರಿಗೆ ಕರದ್ರ ಯಾವ ಹೆಣ್ಮಗಳು ಒಲ್ಲೆ ಅಂತಾಳ? ನಮ್ಮ ಒಲಿ ಆರತಿತ್ತು. ಗಿರಾಕಿ ಎದುರಿನ ಖಾನಾವಳಿಗೆ ಹೋಗತಿದ್ರು, ಹೋದೋರು ಎಷ್ಟೋ ಮಂದಿ ಅಲ್ಲೇ ಉಳೀತಿದ್ರು. "ಇನ್ನೊಂದು ಪಂಚಮಿ ಹಿಂಗಾದ್ರ ಬಾಗಿಲ ಹಾಕೋದೇ" ಅಂತಿದ್ಲು ಅವ್ವ.

ಆ ವರ್ಷ ಮೆಣಸಗಿ ಕಡೆಯಾಕಿ ಒಬ್ಬಾಕಿ ಕೆಲಸ ಕೇಳಿಕೊಂಡು ಬಂದ್ಲು. ಗಂಡ ಪ್ಯಾಟ್ಯಾಗ ಹಮಾಲಿ ಮಾಡತಿದ್ದ. ರೊಟ್ಟಿ ಬರತೈತೇನು ಅಂತ ಅವ್ವ ಕೇಳಲೇ ಇಲ್ಲ.

"ತವರು ಎಲ್ಲಿ?"

"ಇಲ್ರೀ ಅವ್ವಾರ. ಹಡದವರು ಸತ್ರು. ಅಣ್ಣ ತಮ್ಮ ಅಂತ ಬೆನ್ನಿಗೆ ಬಿದ್ದೋರೂ ಇಲ್ಲ."

"ಅಯ್ಯ ಪಾಪ" ಅಂದ್ಲು ಅವ್ವ. ಬಾಯಿ ಹಂಗಂದ್ರೂ ಮಾರಿ ಅರಳಿತ್ತು. ನಾಳಿಂದ್ಲೇ ಬಾ ಅಂದ್ಲು.

ಎಂಥಾ ಕೈ ಅಂತೀರಿ! ಹಾಳಿಯಂಥಾ ರೊಟ್ಟಿ. ಮಾತಿಲ್ಲ, ಕಥಿಲ್ಲ, ಹೊತ್ತಿಗೆ ಸರಿಯಾಗಿ ಬರತಿದ್ಲು. ದೇವರು ಕಣ್ಣು ತೆರೆದ ಅಂತ ಅವ್ವ ಓಣಿ ತುಂಬ ಹೇಳಿಕೊಂಡು ಬಂದ್ಲು.

ಪಂಚಮಿ ಬಂತು. ಓಣ್ಯಾಗ ಬಂಡಿ ಬರಾಕ ಹತ್ತಿದ್ವು. ಎತ್ತಿನ ಗೆಜ್ಜಿ ಸಪ್ಪಳ ಕೇಳಿದ ಕೂಡ್ಲೇ ಆಕಿ ಕೈ ನಿಲ್ಲತಿತ್ತು.

"ಯಾರನ್ನ ಕರಿಯಾಕ ಬಂದಾರವ್ವಾ?" ಅಂತ ನನ್ನ ಕೇಳೋದು. ನೇಕಾರರ ಸೊಸಿನ್ನ ಅಂತ ನಾ ಹೇಳೋದು. ಮತ್ತೊಂದು ಬಂಡಿ, ಮತ್ತ ಅದೇ ಮಾತು. ಕಡೀಕ ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿ ಕರ್ರಗಾತು.

"ಲಕ್ಷ್ಯ ಎಲ್ಲೈತಿ ನಿಂದು?" ಅಂತ ಅವ್ವ ಚೀರಿದ್ಲು.

"ಹೊಗಿ ರೀ ಅವ್ವಾರ" ಅಂತ ಆಕಿ ಸೆರಗಿಲೆ ಕಣ್ಣು ಒರಸಿಕೊಂಡ್ಲು. ಒಲ್ಯಾಗ ಬರೇ ಕೆಂಡ ಇತ್ತು. ಅವ್ವ ತಾನೇ ಕೈ ಹಾಕಿ ಆ ಹೊತ್ತಿದ ರೊಟ್ಟಿ ಹಂಚಿನಿಂದ ತಗದ್ಲು.

ಆವತ್ತು ಮಧ್ಯಾಹ್ನ ರಾಜೂರಿಂದ ನಮ್ಮ ಸೋದರಮಾವ ಬಂದ. ವರ್ಷ ವರ್ಷ ಅವ್ವನ್ನ ಕರಿಯಾಕ ಬರತಿದ್ದ, ಖಾನಾವಳಿ ಬಿಟ್ಟು ಹ್ಯಾಂಗ ಬರಲೋ ಅಂತ ಅವ್ವ ತಿರುಗಿ ಕಳಸತಿದ್ಲು. ಈ ಸಲ ಆತನ್ನ ಹಿತ್ತಲಕ್ಕ ಕರಕೊಂಡು ಹೋಗಿ ಏನೋ ಹೇಳಿದ್ಲು. ಮಾವ ಒಳಗ ಬಂದು ಒಲಿ ಮುಂದ ನಿಂತ.

"ಏಳವಾ ತಂಗಿ. ಪಂಚಮಿಗೆ ಕರಿಯಾಕ ಬಂದೀನಿ."

ಆಕಿಗೆ ತಿಳೀಲಿಲ್ಲ. ಹಿಟ್ಟಿನ ಕೈ ಹಂಗೇ ಹಿಡಕೊಂಡು ಅವ್ವನ ಮಾರಿ ನೋಡಿದ್ಲು. "ನಿನ್ನೇ ಕರದದ್ದು. ನಾಲ್ಕು ದಿನ ಅಷ್ಟ, ಲಗೂ ಬಾ ಮತ್ತ" ಅಂತ ಅವ್ವ ಗದರಿಸಿದ್ಲು. ಖರೇ ಹೇಳ್ತೀನಿ, ನಮ್ಮವ್ವನ ಮ್ಯಾಲೆ ನನಗ ಆವತ್ತು ಬಂದಷ್ಟು ಪ್ರೀತಿ ಮುಂದ ಎಂದೂ ಬರಲಿಲ್ಲ. ಹಮಾಲಿ ಗಂಡಗ ಸುದ್ದಿ ಹೇಳಾಕ ನಾನೇ ಓಡಿದೆ.

ಅವ್ವ ಸೊಟ್ಟ ಕೈಲೇ ರೊಟ್ಟಿ ಬಡದ್ಲು. ಮಾಸ್ತರೊಬ್ಬರು "ಇದೇನ್ರಿ ಇದು?" ಅಂದ್ರ, "ತಿಂದ್ರ ತಿನ್ರಿ, ಇಲ್ಲಂದ್ರ ಎದುರಿಗೆ ಹೋಗ್ರಿ" ಅಂದ್ಲು. ಕೆಲವರು ಹೋದರೂ ಹೋದ್ರು. ಸಂಜಿಗೆ ಅವ್ವನ ಬಾತ ಕೈಗೆ ನಾ ಎಣ್ಣಿ ತಿಕ್ಕತಿದ್ದೆ. ನಾಲ್ಕು ದಿನ ಮುಗದು ವಾರ ಆತು, ಆಕಿ ಸುದ್ದಿ ಇಲ್ಲ. "ಬರಲಿ ಆಕಿ, ಕಾಲು ಮುರೀತೀನಿ!" ಅಂತಿದ್ಲು ಅವ್ವ.

ಬಂದ್ಲು. ಕೈ ತುಂಬ ಹಸರು ಬಳಿ, ಬಗಲಾಗ ಉಂಡಿ ಗಂಟು. ಅವ್ವ ಸೌಟು ಹಿಡಕೊಂಡೇ ಎದ್ದು ಬಂದ್ಲು.

"ನಾ ಏನ ಹೇಳಿ ಕಳಿಸಿದ್ದೆ? ಇಷ್ಟು ದಿನ ಎಲ್ಲಿ ಸತ್ತಿದ್ದಿ?"

ಆಕಿ ತಲಿ ತಗ್ಗಿಸಿದ್ಲು. ಆದ್ರ ನಗು ತಡಕೊಳ್ಳಾಕ ಆಗಲಿಲ್ಲ.

"ಏನ ಮಾಡ್ಲಿರೀ ಅವ್ವಾರ, ನಮ್ಮಣ್ಣ ಬಿಡಲೇ ಇಲ್ಲ."