ನಿಂಬೆಕಾಯಿ ಹಾಕಿಟ್ಟ ಅಮೆರಿಕದ ಭರಣಿ

ಕೊರೊನಾದ ಗಲಾಟೆಯೆಲ್ಲ ಮುಗಿದ ಮರುವರ್ಷದ ಬೇಸಿಗೆ. ಬೆಂಗಳೂರಿನ ಹರಾಜು ಸಂಸ್ಥೆಯೊಂದರ ಗಾಜಿನ ವಿಭಾಗದಲ್ಲಿ ಮೌಲ್ಯಮಾಪಕಿಯಾಗಿ ಬಹುಕಾಲ ದುಡಿದು ನಿವೃತ್ತಳಾದ ನಾನು, ಆಗ ಸ್ವತಂತ್ರವಾಗಿ ಅದೇ ಕೆಲಸ ಮಾಡುತ್ತಿದ್ದೆ. ಹಳೆಯ ಗಾಜಿನ ಸಾಮಾನು ಎಲ್ಲಿದೆ ಎಂದು ಹುಡುಕುವುದು, ಯಾವ ದೇಶದ್ದು, ಯಾವ ಕಾಲದ್ದು, ಅಸಲಿಯೋ ನಕಲಿಯೋ ಎಂದು ನೋಡಿ ಹೇಳುವುದು, ಒಪ್ಪಿಗೆಯಾದರೆ ಸಂಗ್ರಾಹಕರಿಗೆ ಕೊಡಿಸುವುದು. ಹಗರಿಬೊಮ್ಮನಹಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳಿಗೆ ಇಂಥದ್ದೊಂದು ನೌಕರಿ ಇರಬಹುದು ಎಂಬುದನ್ನು ನನ್ನ ಸೋದರಮಾವ ಕೊನೆಯವರೆಗೂ ನಂಬಲಿಲ್ಲ. ಗಾಜಿನ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾಳೆ ಎಂದೇ ಊರೆಲ್ಲ ಹೇಳಿಕೊಂಡು ತಿರುಗಿದರು.

ಹೆದರಿಕೆ ಈ ಕೆಲಸದ ಜೊತೆಗೇ ಬರುತ್ತದೆ. ಕೈಯಲ್ಲಿ ಹಿಡಿದದ್ದು ಜಾರಿದರೆ ಮುಗಿಯಿತು. ಬಳೆ, ಉಂಗುರ ತೆಗೆದಿಟ್ಟು, ಸೆರಗು ಸಿಕ್ಕಿಸಿ, ನೆಲಕ್ಕೆ ಕೌದಿ ಹಾಸಿ ಕುಳಿತ ಮೇಲೆಯೇ ನಾನು ಗಾಜು ಮುಟ್ಟುವುದು. ಈಗಲೂ ಕನಸಿನಲ್ಲಿ ಏನೋ ಒಡೆದು ಎಚ್ಚರವಾಗುವುದುಂಟು. ಆದರೆ ಕೊಟ್ಟೂರಿನ ಆ ಮನೆಯಲ್ಲಿ ನನಗಾದ ಹೆದರಿಕೆ ಬೇರೆ.

ಮೊದಲು ಗಾಜಿನ ಬಗ್ಗೆ ಎರಡು ಮಾತು ಹೇಳಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಿಂದ ಮೊದಲ ಮಹಾಯುದ್ಧದವರೆಗೆ ಅಮೆರಿಕದಲ್ಲಿ ಕಟ್ ಗ್ಲಾಸ್ ಬಹಳ ಜೋರಿನಲ್ಲಿತ್ತು. ದಪ್ಪ ಗಾಜಿನ ಪಾತ್ರೆಯನ್ನು ತಿರುಗುವ ಚಕ್ರಕ್ಕೆ ಒತ್ತಿ ಹಿಡಿದು ನಕ್ಷತ್ರ, ಬೀಸಣಿಗೆ, ವಜ್ರದ ಆಕಾರಗಳನ್ನು ಆಳವಾಗಿ ಕೊರೆಯುತ್ತಿದ್ದರು. ಸಣ್ಣ ತಾಮ್ರದ ಚಕ್ರದಿಂದ ಹೂಬಳ್ಳಿಗಳನ್ನು ನಾಜೂಕಾಗಿ ಕೆತ್ತಿದರೆ ಅದು ಎನ್‌ಗ್ರೇವ್ಡ್ ಗ್ಲಾಸ್. ಎರಡಕ್ಕೂ ಬೇಕಾದದ್ದು ಲೆಡ್ ಕ್ರಿಸ್ಟಲ್, ಅಂದರೆ ಸೀಸ ಬೆರೆತ ಗಾಜು. ತೂಕದಲ್ಲಿ ಸುಮಾರು ಕಾಲು ಭಾಗ, ಕೆಲವು ಸಲ ಅದಕ್ಕೂ ಹೆಚ್ಚು, ಸೀಸದ ಅಂಶವೇ ಇರುತ್ತದೆ. ಆ ಭಾರ, ಆ ಹೊಳಪು, ಉಗುರಿನಿಂದ ತಟ್ಟಿದರೆ ಬರುವ ಗಂಟೆಯಂಥ ನಾದ, ಎಲ್ಲ ಸೀಸದ್ದೇ. ಸಂಗ್ರಾಹಕರು ಹುಚ್ಚಾಗುವುದು ಇದಕ್ಕೆ.

ಅಂಥ ಹುಚ್ಚು ಹಿಡಿದ ಒಬ್ಬ ನಿವೃತ್ತ ಎಂಜಿನಿಯರ್ ನನ್ನ ಗಿರಾಕಿ. ಅವರಿಗಾಗಿ ನಾನು ಹುಡುಕುತ್ತಿರುವುದು ಹೇಗೋ ಗೊತ್ತಾಗಿ, ಕೊಟ್ಟೂರಿನ ಕೊಟ್ರೇಶಪ್ಪ ಎಂಬ ಶೇಂಗಾ ವ್ಯಾಪಾರಿ ವಾಟ್ಸಾಪಿನಲ್ಲಿ ಕೆಲವು ಫೋಟೊ ಕಳಿಸಿದರು. ಅವರ ಮುತ್ತಜ್ಜನ ಕಾಲದಲ್ಲಿ ಬಳ್ಳಾರಿಯಲ್ಲಿದ್ದ ಅಮೆರಿಕದ ಪಾದ್ರಿಯೊಬ್ಬರು ಊರಿಗೆ ಹೊರಟು ನಿಂತು ಬಂಗಲೆಯ ಸಾಮಾನನ್ನೆಲ್ಲ ಹರಾಜು ಹಾಕಿದ್ದರಂತೆ. ಮುತ್ತಜ್ಜ ಹತ್ತಿ ಮಾರಲು ಹೋದವರು ಗಾಜಿನ ಸಾಮಾನು ಗಾಡಿಯಲ್ಲಿ ಹೇರಿಕೊಂಡು ಬಂದು ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡರಂತೆ. ಈಗ ಕೊಟ್ರೇಶಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. ಇವನ್ನೆಲ್ಲ ದಿನಾ ಒರೆಸುವವರು ಯಾರು, ಬೇಕಾದವರು ಒಯ್ಯಲಿ ಎಂಬುದು ಅವರ ಲೆಕ್ಕ.

ಕಾನಹೊಸಹಳ್ಳಿಯಲ್ಲಿ ಚಹಾ ಕುಡಿದು, ಕೂಡ್ಲಿಗಿ ದಾಟಿ ಕೊಟ್ಟೂರು ಮುಟ್ಟಿದಾಗ ಬಿಸಿಲು ಏರಿತ್ತು. ಕೊಟ್ರೇಶಪ್ಪನ ಹೆಂಡತಿ ಅನ್ನಪೂರ್ಣ ಮಜ್ಜಿಗೆ ಕೊಟ್ಟರು. ಪಡಸಾಲೆಯ ಶೋಕೇಸಿನಲ್ಲಿ ಅಗಲ ಬಾಯಿಯ ಬೋಗುಣಿ ಒಂದು, ಬಳ್ಳಿ ಕೆತ್ತಿದ ಲೋಟಗಳು, ಉದ್ದ ಕತ್ತಿನ ಒಂದು ಸೀಸೆ ಇದ್ದವು. ಒಳ್ಳೆಯ ಮಾಲು. ನಾನು ಕೌದಿ ಹಾಸಿಕೊಂಡು ಒಂದೊಂದೇ ಇಳಿಸಿ ನೋಡುತ್ತಿದ್ದೆ. ಮನೆಯ ಹಿರಿಯರು, ಕೊಟ್ರೇಶಪ್ಪನ ತಾಯಿ ಹಾಲಮ್ಮ, ಗೋಡೆಗೊರಗಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಎಂಬತ್ತರ ಹತ್ತಿರದ ಗಟ್ಟಿ ಜೀವ. ನನ್ನ ತವರು ಯಾವುದು, ಯಾರ ಪೈಕಿ ಎಂದು ವಿಚಾರಿಸಿ, ಈ ವಯಸ್ಸಿನಲ್ಲಿ ಮನೆಯಲ್ಲಿ ಕೂರದೆ ಸೀಸೆ ಆರಿಸಲು ಬಂದಿದ್ದೀಯಲ್ಲ ಎಂದು ಛೇಡಿಸಿದ್ದರು.

ಆಗ ಒಳಗಿನ ಕೋಣೆಯಿಂದ ಮೊಮ್ಮಗಳು ವೀಣಾ ಬಂದಳು. ಹರಪನಹಳ್ಳಿಯಲ್ಲಿ ಶಾಲಾ ಶಿಕ್ಷಕಿ, ಗಂಡನ ಮನೆಯೂ ಅಲ್ಲಿಯೇ. ಕುಬಸದ ಶಾಸ್ತ್ರ, ಅಂದರೆ ಸೀಮಂತ, ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮುಖ ಬಿಳಚಿಕೊಂಡಿತ್ತು, ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಕೂತಳು. ಮತ್ತೆ ಹೊಟ್ಟೆ ನುಲಿಯುತ್ತಿದೆ ಎಂದಳು. ಹಾಲಮ್ಮ ತಕ್ಷಣ ಎದ್ದು, ನಿಂಬೆಕಾಯಿ ಕೊಡುತ್ತೇನೆ ತಾಳು ಎಂದು ಅಡುಗೆಮನೆಗೆ ಹೋದರು.

ನಮ್ಮ ಕಡೆಯವರಿಗೆ ಈ ನಿಂಬೆಕಾಯಿ ಉಪ್ಪಿನಕಾಯಿ ಹೊಸದಲ್ಲ. ಖಾರ, ಎಣ್ಣೆ ಏನೂ ಇಲ್ಲ. ನಿಂಬೆಹಣ್ಣು ಮತ್ತು ಉಪ್ಪು ಹಾಕಿ ಬಿಸಿಲಿಗಿಟ್ಟು ವರ್ಷಗಟ್ಟಲೆ ಮಾಗಿಸುತ್ತಾರೆ. ಕಪ್ಪಾದಷ್ಟೂ ಔಷಧಿ ಎಂದು ಲೆಕ್ಕ. ವಾಂತಿಗೆ, ಅಜೀರ್ಣಕ್ಕೆ, ಬಸುರಿಯ ಬಾಯಿ ರುಚಿಗೆ, ಎಲ್ಲಕ್ಕೂ ಅದೇ. ನಮ್ಮವ್ವನೂ ಕೊಡುತ್ತಿದ್ದಳು. ಅಡುಗೆಮನೆಯ ಬಾಗಿಲು ನನಗೆ ನೇರವಾಗಿತ್ತು. ಹಾಲಮ್ಮ ಕಿಟಕಿಯ ಹತ್ತಿರ ಭರಣಿಯೊಂದರ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದರು. ಬಿಸಿಲು ಬಿದ್ದು ಭರಣಿಯ ಮೈಮೇಲಿನ ನಕ್ಷತ್ರಗಳು ಥಳಥಳಿಸಿದವು.

ಆಸೆ ಎಂಥದ್ದು ನೋಡಿ. ನನಗೆ ಮೊದಲು ಆದದ್ದು ಸಂತೋಷ. ಇಡೀ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ವಸ್ತು ಇರಲಿಲ್ಲ. ಕಟ್ ಗ್ಲಾಸಿನ ಮುಚ್ಚಳದ ಭರಣಿ ಇಷ್ಟು ವರ್ಷ ಮುಚ್ಚಳದ ಸಮೇತ ಉಳಿಯುವುದೇ ಅಪರೂಪ. ಎದ್ದು ಅದರ ಕಡೆ ನಡೆದೆ. ಹತ್ತಿರ ಹೋದ ಮೇಲೆ ಒಳಗಿನದು ಕಾಣಿಸಿತು: ಕಪ್ಪು ನಿಂಬೆ ಹೋಳು, ಕಂದು ರಸ. ರಸ ಇಳಿದಿದ್ದ ಜಾಗದಲ್ಲಿ ಗಾಜು ಹಾಲಿನ ಕೆನೆ ಕಟ್ಟಿದಂತೆ ಮಬ್ಬಾಗಿತ್ತು. ಹುಳಿ ನಿಂತು ನಿಂತು ಗಾಜಿನ ಒಳಮೈ ಸವೆದರೆ ಹೀಗಾಗುತ್ತದೆ. ನಮ್ಮ ವೃತ್ತಿಯವರು ಅದನ್ನು ಸಿಕ್ ಗ್ಲಾಸ್ ಎನ್ನುತ್ತಾರೆ, ಕಾಯಿಲೆ ಬಿದ್ದ ಗಾಜು. ಸವೆದ ಗಾಜಿನಲ್ಲಿದ್ದ ಸೀಸ ಎಲ್ಲಿಗೆ ಹೋಗಿರಬೇಕು? ಹಾಲಮ್ಮ ಅದೇ ರಸವನ್ನು ಚಮಚದಲ್ಲಿ ತೆಗೆದು ಬಟ್ಟಲಿಗೆ ಹಾಕುತ್ತಿದ್ದರು.

"ಅಮ್ಮಾ, ಕೊಡಬ್ಯಾಡ್ರಿ ಅದನ್ನ," ಎಂದೆ.

ಯಾಕೆ ಎಂದು ಅವರು ಕೇಳಿದರು. ನಾನು ಡಾಕ್ಟರಲ್ಲ. ನನ್ನ ಅನುಮಾನ ತಪ್ಪಾಗಿದ್ದರೆ ತುಂಬಿದ ಮನೆಯಲ್ಲಿ ಬಸುರಿಯನ್ನು ಸುಮ್ಮನೆ ಹೆದರಿಸಿದ ಪಾಪ. ಸರಿಯಾಗಿದ್ದರೆ ಅದಕ್ಕಿಂತ ಕೆಟ್ಟದ್ದು. ಉಳಿದಿದ್ದ ಒಂದೇ ದಾರಿ ಎಂದರೆ ಭರಣಿ ನಕಲಿಯಾಗಿರಲಿ ಎಂಬುದು. ಅಚ್ಚಿಗೆ ಒತ್ತಿ ತೆಗೆದ ಅಗ್ಗದ ಗಾಜೂ ದೂರಕ್ಕೆ ಹೀಗೇ ಕಾಣುತ್ತದೆ, ಸಾಮಾನ್ಯವಾಗಿ ಅದರಲ್ಲಿ ಸೀಸ ಇರುವುದಿಲ್ಲ. ಆ ಬಡ ಭರವಸೆಯನ್ನು ಹಿಡಿದುಕೊಂಡು ಮುಚ್ಚಳವನ್ನು ಕೈಗೆತ್ತಿಕೊಂಡೆ.

ಜೀವಮಾನವಿಡೀ ಅಸಲಿ ಸಿಗಲಿ ಎಂದು ಬೇಡಿಕೊಂಡವಳು ನಾನು. ಅವತ್ತು ನಕಲಿಯಾಗಲಿ ಎಂದು ಊರದೇವರು ಕೊಟ್ರಬಸಪ್ಪನಿಗೆ ಹರಕೆ ಹೊತ್ತೆ. ಅಚ್ಚಿನ ಗಾಜಾದರೆ ಬದಿಯಲ್ಲಿ ಸಣ್ಣ ಬೆಸುಗೆಯ ಗೆರೆ ಇರಬೇಕು. ಬೆರಳಾಡಿಸಿದೆ, ಇರಲಿಲ್ಲ. ಅಚ್ಚಿನದಾದರೆ ಏಣುಗಳು ಮೊಂಡಾಗಿರಬೇಕು. ಇವು ಬೆರಳಿಗೆ ಚುಚ್ಚುವಷ್ಟು ಚೂಪಾಗಿದ್ದವು. ಉಗುರಿನಿಂದ ತಟ್ಟಿದೆ. ನಾದ ಎಷ್ಟು ಹೊತ್ತು ನಿಂತಿತೆಂದರೆ ವೀಣಾ ಕೂಡ ತಲೆಯೆತ್ತಿ ನೋಡಿದಳು. ಕೊನೆಗೆ ಒಳಬದಿಗೆ ಬಾಯಿಯ ಹಬೆ ಊದಿ ಬೆಳಕಿಗೆ ಓರೆ ಹಿಡಿದೆ. ಆ್ಯಸಿಡ್‌ನಿಂದ ಒತ್ತಿದ ತಯಾರಕರ ಮುದ್ರೆ ಮಂಕಾಗಿ ಮೂಡಿತು. ಯಾವ ಗುರುತಿಗಾಗಿ ಸಂಗ್ರಾಹಕರು ಊರೂರು ಅಲೆಯುತ್ತಾರೋ ಅದನ್ನು ಕಂಡು ನಾನು ಮುಚ್ಚಳವನ್ನು ಕೆಳಗಿಟ್ಟೆ.

ಕೂತು ಎಲ್ಲವನ್ನೂ ಹೇಳಿದೆ. ಈ ಗಾಜಿನಲ್ಲಿ ಸೀಸವಿದೆ, ಹುಳಿ ಮತ್ತು ಉಪ್ಪು ಅದನ್ನು ಎಳೆದುಕೊಳ್ಳುತ್ತವೆ, ಸೀಸ ರಕ್ತಕ್ಕೆ ಸೇರಿ ಕೂಸಿಗೂ ಹೋಗುತ್ತದೆ, ಹೊಟ್ಟೆ ನುಲಿಯುವುದು ಅದರ ಒಂದು ಲಕ್ಷಣ. ಅಂದರೆ ಹೊಟ್ಟೆನೋವಿಗೆಂದು ಕೊಡುತ್ತಿರುವುದೇ ಹೊಟ್ಟೆನೋವು ತರುತ್ತಿರಬಹುದು. ಅತ್ತೆಯ ಕಾಲದಿಂದ ನಿಂಬೆಕಾಯಿ ತಿಂದ ಮನೆ ಇದು, ಯಾರಿಗೂ ಏನೂ ಆಗಿಲ್ಲ ಎಂದು ಹಾಲಮ್ಮ ಸಿಡುಕಿದರು. ಮೊದಲಿನಿಂದಲೂ ಇದೇ ಭರಣಿಯೇ ಎಂದು ಕೇಳಿದೆ. ಅಲ್ಲ, ಮೊದಲು ಪಿಂಗಾಣಿಯದು, ಅದು ಒಡೆದ ಮೇಲೆ ಔಷಧಿಗೆ ಮನೆಯ ಒಳ್ಳೆಯ ಪಾತ್ರೆಯೇ ಇರಲಿ ಎಂದು ಇದಕ್ಕೆ ಹಾಕಿದ್ದು ಎಂದರು.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕೊಟ್ರೇಶಪ್ಪ ಈಗ ನಕ್ಕರು. ಸಿಟ್ಟಿನ ನಗು.

"ಅಕ್ಕಾರ, ನಾವೂ ವ್ಯಾಪಾರ ಮಾಡೋರ. ಶೇಂಗಾದಾಗ ಹುಳ ಅದಾವ ಅಂದು ನಾವೂ ರೇಟು ಇಳಸ್ತೀವಿ. ಭರಣಿ ಬೇಕಾಗಿದ್ರ ನೆಟ್ಟಗ ಕೇಳ್ರಿ. ಬಸುರಿ ಮುಂದ ಇಂಥ ಮಾತ್ಯಾಕ?"

ಅವರದು ತಪ್ಪಲ್ಲ. ಕೊಳ್ಳಲು ಬಂದವಳು ಮಾಲಿನಲ್ಲಿ ವಿಷವಿದೆ ಎಂದರೆ ಯಾರು ನಂಬುತ್ತಾರೆ? ನನ್ನ ವೃತ್ತಿಯೇ ನನ್ನ ಮಾತಿಗೆ ಅಡ್ಡ ನಿಂತಿತ್ತು. ಶೋಕೇಸಿನಿಂದ ಇಳಿಸಿದ್ದನ್ನೆಲ್ಲ ಒಂದೊಂದಾಗಿ ವಾಪಸು ಇಟ್ಟು ಬಾಗಿಲು ಹಾಕಿದೆ.

"ಅಣ್ಣಾರ, ನಿಮ್ಮ ಮನಿದು ಒಂದು ಲೋಟಾನೂ ನಾನು ಒಯ್ಯಂಗಿಲ್ಲ. ಇವತ್ತಲ್ಲ, ಎಂದಿಗೂ ಇಲ್ಲ. ಮಗಳ ರಕ್ತ ಒಂದು ಪರೀಕ್ಷೆ ಮಾಡಸ್ರಿ, ಅಷ್ಟ ಸಾಕು ನನಗ."

ವೀಣಾ ಹಾಲಮ್ಮ ಮುಂದೆ ತಂದಿಟ್ಟಿದ್ದ ಬಟ್ಟಲನ್ನು ಕೈಯಿಂದ ದೂರ ಸರಿಸಿದಳು.

"ಅಪ್ಪಾಜಿ, ಹರಪನಹಳ್ಳ್ಯಾಗ ಇದ್ದಾಗ ನನಗ ಹೊಟ್ಟಿನೋವು ಇರಲಿಲ್ಲ. ಇಲ್ಲಿಗೆ ಬಂದ ಮ್ಯಾಲೆ ಶುರುವಾತು," ಎಂದಳು.

ಅನ್ನಪೂರ್ಣ ಒಳಗೆ ಹೋಗಿ ಮಗಳ ಆಸ್ಪತ್ರೆಯ ಫೈಲು ತಂದು ಗಂಡನ ಮುಂದೆ ಹಿಡಿದರು. ಹಾಲಮ್ಮ ಭರಣಿಯನ್ನು ಎತ್ತಿ ಹಿತ್ತಿಲ ಕರಿಬೇವಿನ ಬುಡಕ್ಕೆ ಸುರಿಯಲು ಹೊರಟಿದ್ದರು. ಆ ಸೊಪ್ಪೇ ನಾಳೆ ಒಗ್ಗರಣೆಗೆ ಬರುತ್ತದೆ ಎಂದು ನಾನು ತಡೆದು, ಬಾಯಿಗೆ ಪ್ಲಾಸ್ಟಿಕ್ ಬಿಗಿದು ಪಕ್ಕಕ್ಕಿಡಿಸಿದೆ.

ಆ ಮಧ್ಯಾಹ್ನವೇ ನನ್ನ ಕಾರಿನಲ್ಲೇ ಹರಪನಹಳ್ಳಿಗೆ ಹೋದೆವು. ವೀಣಾಳನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮ ಹೀಗೂ ಉಂಟೇ ಎಂದು ನಗದೆ ಪೂರ್ತಿ ಕೇಳಿಸಿಕೊಂಡರು, ಅದೇ ನನ್ನ ಪುಣ್ಯ. ರಕ್ತ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು, ಇಲ್ಲಿ ಆ ಪರೀಕ್ಷೆ ಆಗುವುದಿಲ್ಲ ಎಂದರು. ನಾನು ಹೇಳಿದ್ದರಿಂದ ಹಾಲಮ್ಮ ಮತ್ತು ಅನ್ನಪೂರ್ಣ ಅವರದೂ ತೆಗೆದರು.

ವರದಿ ಬರುವವರೆಗೆ ಹಗರಿಬೊಮ್ಮನಹಳ್ಳಿಯ ತಂಗಿಯ ಮನೆಯಲ್ಲಿದ್ದೆ. ಊಟ ಸೇರಲಿಲ್ಲ. ಒಮ್ಮೆ ಬೆಂಗಳೂರಿನ ಎಂಜಿನಿಯರ್ ಗಿರಾಕಿಯೇ ಫೋನು ಮಾಡಿದರು. ನಡೆದದ್ದನ್ನು ಹೇಳಿದರೆ, ಅಯ್ಯೋ ಪಾಪ ಎಂದರು, ಆಮೇಲೆ ಭರಣಿಯ ಒಳಗಿನ ಮಬ್ಬನ್ನು ಪಾಲಿಶ್ ಮಾಡಿಸಬಹುದಲ್ಲ ಎಂದು ವಿಚಾರಿಸಿದರು. ಫೋನಿಟ್ಟುಬಿಟ್ಟೆ. ಅವರ ಜೊತೆ ಆಮೇಲೆ ನಾನು ವ್ಯವಹಾರ ಮಾಡಿಲ್ಲ.

ನನ್ನ ಅನುಮಾನ ತಪ್ಪಾಗಿರಲಿಲ್ಲ. ವೀಣಾಳ ರಕ್ತದಲ್ಲಿ ಸೀಸ ಇರಬಾರದಷ್ಟಿತ್ತು. ಹಾಲಮ್ಮನವರದು ಅವಳಿಗಿಂತ ಹೆಚ್ಚು, ಅನ್ನಪೂರ್ಣ ಅವರದು ಕಡಿಮೆ. ಡಾಕ್ಟರಮ್ಮ ದಾವಣಗೆರೆಯ ದೊಡ್ಡ ಡಾಕ್ಟರರ ಜೊತೆ ಮಾತಾಡಿ ವಿವರಿಸಿದರು: ಒಳಗೆ ಹೋಗುವುದು ನಿಂತರೆ ರಕ್ತದಲ್ಲಿ ನಿಧಾನವಾಗಿ ಇಳಿಯುತ್ತದೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ತಪ್ಪಿಸಬಾರದು, ಆಗಾಗ ರಕ್ತ ನೋಡಬೇಕು. ಕೂಸಿಗೆ ಏನಾಗಿದೆ ಎಂದು ಹುಟ್ಟುವ ಮೊದಲು ಹೇಳಲಾಗದು. ಆ ಕೊನೆಯ ಮಾತನ್ನು ಹೊತ್ತುಕೊಂಡು ಆ ಮನೆ ಎರಡು ತಿಂಗಳಿಗೂ ಹೆಚ್ಚು ಕಾಲವನ್ನು ಹೇಗೆ ಕಳೆಯಿತೋ. ವೀಣಾಳ ಹೊಟ್ಟೆನೋವು ನಿಂತಿತೆಂದು ಕೊಟ್ರೇಶಪ್ಪ ಫೋನು ಮಾಡಿದ ದಿನ ನಾನು ಅತ್ತೆ.

ದಾವಣಗೆರೆಯಲ್ಲಿ ಹೆಣ್ಣುಕೂಸು ಹುಟ್ಟಿತು. ತೂಕ ಸ್ವಲ್ಪ ಕಡಿಮೆ, ಅಳು ಜೋರು. ಕೂಸಿನ ರಕ್ತದಲ್ಲಿ ಸೀಸ ಸಿಕ್ಕಿತಾದರೂ ಹೆದರುವಷ್ಟಲ್ಲ, ಬೆಳವಣಿಗೆ ಮೇಲೆ ಕಣ್ಣಿಡಿ ಎಂದರು. ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ಕರೆದರು. ಶೋಕೇಸಿನ ಗಾಜನ್ನು ಈಗಲಾದರೂ ತಗೊಳ್ಳಿ ಎಂದು ಕೊಟ್ರೇಶಪ್ಪ ಒತ್ತಾಯ ಮಾಡಿದರು. ನಾನು ಆಡಿದ ಮಾತು ಬಿಡಲಿಲ್ಲ. ಬೇರೆ ಮೌಲ್ಯಮಾಪಕರೊಬ್ಬರ ಹೆಸರು ಬರೆದುಕೊಟ್ಟೆ.

ಹಾಡು, ಫಲಹಾರ ಎಲ್ಲ ಮುಗಿದು ಹೆಂಗಸರು ಚದುರಿದ ಮೇಲೆ ಹಾಲಮ್ಮ ನನ್ನ ಪಕ್ಕ ಬಂದು ಕೂತರು. ಬಾಗಿಲಾಚೆ ಅನ್ನಪೂರ್ಣ ಮೊಮ್ಮಗಳನ್ನು ತೂಗುತ್ತಿದ್ದರು. ಹಾಲಮ್ಮ ದನಿ ತಗ್ಗಿಸಿದರು.

"ವೀಣಾ ಹುಟ್ಟೋಕಿಂತ ಮೊದಲ ನನ್ನ ಸೊಸಿಗೆ ಎರಡು ಸಲ ಬಸುರು ನಿಲ್ಲಲಿಲ್ಲ. ಆವಾಗನೂ ಇದ ಭರಣಿ. ನಾನ ಕೈಯಾರ ಕೊಡ್ತಿದ್ದೆ. ಅದೂ ಇದರಿಂದ ಏನವ್ವಾ?"

ಏನನ್ನು ಕೇಳಿದರೂ ಖಚಿತವಾಗಿ ಹೇಳುವುದೇ ನನ್ನ ಕಸುಬು. ಅವತ್ತು ಇಲ್ಲ ಎಂದು ಸುಳ್ಳು ಹೇಳೋಣವೆನಿಸಿತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿಲ್ಲಮ್ಮ," ಎಂದೆ. "ಈಗ ಯಾರಿಗೂ ಗೊತ್ತಾಗಂಗಿಲ್ಲ."

"ಹಂಗಾರ ಆಗಿರಬಹುದು," ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ ನೋಡಿ, ಅವಳಿಗೆ ಹೇಳಬೇಕೇನು ಎಂದು ಕೇಳಿದರು.

ಈಗ ಯಾರ ಮನೆಗೆ ಹೋದರೂ ನಾನು ಶೋಕೇಸಿನ ಹತ್ತಿರ ಮೊದಲು ಹೋಗುವುದಿಲ್ಲ. ಅಡುಗೆಮನೆ ತೋರಿಸಿ ಎನ್ನುತ್ತೇನೆ, ಇಂಥ ಪಾತ್ರೆಗಳಲ್ಲಿ ಏನು ಹಾಕಿಡುತ್ತೀರಿ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ಬೇಸರಪಡುತ್ತಾರೆ. ವಸ್ತುವಿನ ಬೆಲೆ ಆಮೇಲಾದರೂ ಕಟ್ಟಬಹುದು, ಅದರ ಬಳಕೆಯನ್ನು ಮೊದಲು ಕೇಳಬೇಕು ಎಂಬುದು ಈ ವೃತ್ತಿ ನನಗೆ ಕಲಿಸಿದ ಪಾಠ. ಕೊಟ್ರೇಶಪ್ಪ ವರ್ಷಕ್ಕೊಮ್ಮೆ ಕೂಸಿನ ಫೋಟೊ ಕಳಿಸುತ್ತಾರೆ, ಚೆನ್ನಾಗಿ ಬೆಳೆಯುತ್ತಿದೆ. ಹಾಲಮ್ಮ ಸೊಸೆಗೆ ಹೇಳಿದರೋ ಇಲ್ಲವೋ ಎಂದು ಕೇಳಲು ಮಾತ್ರ ನನಗೆ ಇವತ್ತಿಗೂ ಹೆದರಿಕೆ.